ಕಿರುವಿಮಾನದ ತೂಕವೂ ಬಲವೂ

ಕಬ್ಬಿನ ಸುಗ್ಗಿಯಲ್ಲಿ ಅಂಕಲಿಯ ದಾರಿಯಲ್ಲಿ ನಿಂತು ನೋಡಿದವರು, ಚಕ್ಕಡಿಗೆ ಹೇರು ತುಂಬುವ ಒಕ್ಕಲಿಗನ ಜಾಣ್ಮೆಯನ್ನು ಕಂಡೇ ಇರುವರು. ಹೇರು ಮುಂದಕ್ಕೆ ಹೆಚ್ಚಾದರೆ ನೊಗವು ಎತ್ತುಗಳ ಹೆಗಲನ್ನು ಜಗ್ಗುವದು. ಹಿಂದಕ್ಕೆ ಹೆಚ್ಚಾದರೆ ಮೂಕಿಯು ಮೇಲಕ್ಕೆದ್ದು ಕೊರಳ ಹಗ್ಗವು ಎತ್ತಿನ ಗಂಟಲನ್ನು ಬಿಗಿಯುವದು. ಎತ್ತುಗಳು ಎಷ್ಟೇ ಬಲಿಷ್ಠವಾಗಿರಲಿ, ಅಚ್ಚಿನ ಮೇಲೆ ಹೇರು ಸರಿಯಾಗಿ ಕೂಡದ ಹೊರತು ಬಂಡಿಯು ನೆಟ್ಟಗೆ ಸಾಗುವದಿಲ್ಲ. ಒಕ್ಕಲಿಗನು ಇದನ್ನು ಯಾವ ಶಾಲೆಯಲ್ಲಿಯೂ ಕಲಿಯನು. ಮೂಕಿಯನ್ನು ಕೈಯಿಂದ ಒಮ್ಮೆ ಎತ್ತಿ ನೋಡಿದರೆ ಸಾಕು, ಅವನಿಗೆ ಎಲ್ಲವೂ ತಿಳಿಯುವದು.

ಆಕಾಶಯಾನದ ಇತಿಹಾಸವನ್ನು ಓದುವವರು ಸಾಮಾನ್ಯವಾಗಿ ಎತ್ತುಗಳ ಕಥೆಯನ್ನೇ, ಅಂದರೆ ಎಂಜಿನುಗಳ ಕಥೆಯನ್ನೇ, ಹೆಚ್ಚಾಗಿ ಕೇಳಿರುತ್ತಾರೆ. ಹೇರಿನ ಕಥೆಯನ್ನು ಹೇಳುವವರು ಕಡಿಮೆ. ಆದರೆ ಮನುಷ್ಯನು ಹಾರಲು ಕಲಿತದ್ದು ಬಲವನ್ನು ಗಳಿಸಿದ್ದರಿಂದಲ್ಲ, ಮೊದಲು ತೂಕವನ್ನು ಅರಿತುಕೊಂಡದ್ದರಿಂದ ಎಂಬದು ನಮ್ಮ ಅಭಿಪ್ರಾಯ. ಈ ಅಭಿಪ್ರಾಯಕ್ಕೆ ದೊಡ್ಡ ವಿಮಾನಗಳಿಗಿಂತ ಕಿರುವಿಮಾನಗಳೇ ಹೆಚ್ಚಿನ ಸಾಕ್ಷ್ಯವನ್ನು ಕೊಡುತ್ತವೆ. ನಿವೃತ್ತರಾದ ವಾಯುದಳದವರ ಮನೆಗಳಲ್ಲಿಯೂ, ಎನ್.ಸಿ.ಸಿ.ಯ ವಾಯುಶಾಖೆಯಲ್ಲಿ ಕಲಿತು ಬಂದವರ ಅಟ್ಟಗಳ ಮೇಲೆಯೂ ಇಂದಿಗೆ ಧೂಳು ತಿನ್ನುತ್ತಿರುವ ರೇಡಿಯೋ ವಿಮಾನಗಳು ಕೆಲವು ಇರುತ್ತವೆ. ಅವುಗಳನ್ನು ಕೆಳಗಿಳಿಸಿ, ಹಳೆಯ ಎಂಜಿನನ್ನು ಕಿತ್ತು, ವಿದ್ಯುತ್ತಿನ ಮೋಟಾರನ್ನು ಕೂಡಿಸಿ ಹಾರಿಸಬೇಕೆಂಬ ಉತ್ಸಾಹವು ಈಗ ತರುಣರಲ್ಲಿ ಕಂಡುಬರುತ್ತದೆ. ಉತ್ಸಾಹವು ಸ್ತುತ್ಯವೇ ಸರಿ. ಆದರೆ ಇತಿಹಾಸವು ಇನ್ನೂರು ವರ್ಷ ಕಲಿಸಿದ ಪಾಠವನ್ನು ಮರೆತು ಹಾರಿಸಿದರೆ, ಮತ್ತೆ ದೊರೆಯಲಾರದ ವಸ್ತುವೊಂದು ಅರ್ಧ ನಿಮಿಷದಲ್ಲಿ ಚೂರಾಗುವದು. ಕೆಳಗೆ ಹೊಲದಲ್ಲಿ ಕೆಲಸಕ್ಕಿದ್ದವರ ತಲೆಗೂ ಅಪಾಯವು ತಪ್ಪದು.

ಮೊದಲಿನಿಂದ ನೋಡೋಣ. ಸನ್ 1804ರಲ್ಲಿ ಇಂಗ್ಲಂಡದ ಸರ್ ಜಾರ್ಜ್ ಕೇಲಿ ಎಂಬವರು ಒಂದು ಕೋಲಿಗೆ ಗಾಳಿಪಟವನ್ನು ರೆಕ್ಕೆಯಾಗಿ ಕಟ್ಟಿ, ಹಿಂದೆ ಬೇಕಾದಂತೆ ತಿರುಗಿಸಬಹುದಾದ ಬಾಲವನ್ನಿಟ್ಟು, ಮುಂದೆ ಸರಿಸಲು ಬರುವ ಒಂದು ತೂಕವನ್ನಿಟ್ಟು ಗುಡ್ಡದ ಮೇಲಿಂದ ಹಾರಿಸಿದರು. ಎಂಜಿನೆಂಬ ಮಾತೇ ಅದರಲ್ಲಿ ಇರಲಿಲ್ಲ. ಇಂದಿನ ವಿಮಾನದ ಆಕಾರವನ್ನು ಮೊದಲು ತಾಳಿದ ವಸ್ತುವು ಇದೇ. ಅದರ ಒಡೆಯನು ಮೊದಲು ಮಾಡಿದ ಕೆಲಸವು ತೂಕವನ್ನು ಹಿಂದೆ ಮುಂದೆ ಸರಿಸಿ ನೋಡುವದು.

ಆಮೇಲೆ ಫ್ರಾನ್ಸಿನ ಆಲ್ಫೋನ್ಸ್ ಪೆನೋ ಎಂಬ ತರುಣನು 1871ನೆಯ ಆಗಸ್ಟ್ 18ರಂದು ಪ್ಯಾರಿಸ್ಸಿನ ತ್ವಿಲರಿ ಉದ್ಯಾನದಲ್ಲಿ ರಬ್ಬರಿನ ಹುರಿಯಿಂದ ನಡೆಯುವ ಕಿರುವಿಮಾನವೊಂದನ್ನು ಪಂಡಿತರ ಎದುರಿಗೆ ಹಾರಿಸಿದನು. ಅದು 11 ಸೆಕೆಂಡುಗಳಲ್ಲಿ ಸುಮಾರು 40 ಮೀಟರು ಸಾಗಿತು. ಒಟ್ಟು ತೂಕವು 16 ಗ್ರಾಂ. ಅದರಲ್ಲಿ ರಬ್ಬರೇ 5 ಗ್ರಾಂ. ಮುಖ್ಯ ರೆಕ್ಕೆಗಿಂತ ಬಾಲದ ರೆಕ್ಕೆಯನ್ನು ತುಸು ಕೆಳಮುಖವಾಗಿ ಕೂಡಿಸಿದ್ದೇ ಪೆನೋನ ಹೆಚ್ಚುಗಾರಿಕೆ. ಮೂತಿ ಕೆಳಗಾಗಿ ವೇಗವು ಹೆಚ್ಚಿದರೆ ಬಾಲವು ತಾನಾಗಿ ಕೆಳಗೆ ಒತ್ತಲ್ಪಟ್ಟು ಮೂತಿಯನ್ನೆತ್ತುವದು. ವೇಗವು ಕುಗ್ಗಿದರೆ ಮೂತಿಯು ತಾನಾಗಿ ಇಳಿಯುವದು. ನಡೆಸುವವನಿಲ್ಲದ ವಿಮಾನವು ತನ್ನನ್ನು ತಾನೇ ತಿದ್ದಿಕೊಳ್ಳುವ ಈ ಗುಣವು ಕಾಗದದ ಮೇಲೆ ಬರೆದಿದ್ದರೆ ಯಾರೂ ನಂಬುತ್ತಿರಲಿಲ್ಲ. ಪೆನೋನು 1880ರಲ್ಲಿ ಮೂವತ್ತರ ಹರೆಯದಲ್ಲಿಯೇ ತೀರಿಕೊಂಡನು. ಆದರೆ ಅವನ ರಬ್ಬರಿನ ಆಟಿಕೆಗಳ ಮಾದರಿಯದೊಂದನ್ನು ಅಮೇರಿಕೆಯ ಪಾದ್ರಿಯೊಬ್ಬನು 1878ರಲ್ಲಿ ತನ್ನ ಮಕ್ಕಳಿಬ್ಬರಿಗೆ ತಂದುಕೊಟ್ಟಿದ್ದನು. ಆ ಮಕ್ಕಳ ಹೆಸರು ವಿಲ್ಬರ್ ಮತ್ತು ಆರ್ವಿಲ್ ರೈಟ್.

ಬಲವನ್ನೇ ನಂಬಿದವರ ಗತಿಯು ಏನಾಯಿತೆಂಬದಕ್ಕೆ ಸ್ಯಾಮ್ಯುಯಲ್ ಲ್ಯಾಂಗ್ಲಿಯ ಕಥೆಯನ್ನು ನೋಡತಕ್ಕದ್ದು. ಇವರು ಮಹಾಪಂಡಿತರು. 1896ನೆಯ ಮೇ 6ರಂದು ಇವರ ಉಗಿಯೆಂಜಿನಿನ ಕಿರುವಿಮಾನವು ಪೊಟೊಮ್ಯಾಕ್ ನದಿಯ ಮೇಲೆ ಸುಮಾರು ಒಂದು ಕಿಲೋಮೀಟರು ಹಾರಿತು. ಅಷ್ಟು ದೊಡ್ಡ ಯಂತ್ರವು ಮನುಷ್ಯನಿಲ್ಲದೆ ಅಷ್ಟು ದೂರ ಹಾರಿದ್ದು ಅದೇ ಮೊದಲು. ಬಳಿಕ ಅದೇ ಆಕಾರವನ್ನು ದೊಡ್ಡದು ಮಾಡಿ, 52 ಅಶ್ವಶಕ್ತಿಯ ಎಂಜಿನನ್ನು ಕೂಡಿಸಿ, ಮನುಷ್ಯನನ್ನು ಕೂಡ್ರಿಸಿ 1903ರ ಅಕ್ಟೋಬರ 7 ಹಾಗೂ ಡಿಸೆಂಬರ 8ರಂದು ಹಾರಿಸಲು ಹೋದರು. ಎರಡು ಸಲವೂ ಅದು ನೇರವಾಗಿ ನೀರಿಗೆ ಬಿತ್ತು. ಚಿಮ್ಮುವ ಸಾಧನಕ್ಕೆ ತಗಲಿತೋ, ಚೌಕಟ್ಟಿನ ಕಸುವು ಸಾಲದಾಯಿತೋ ಎಂಬ ಬಗ್ಗೆ ಪಂಡಿತರು ವಾದಿಸುತ್ತಲೇ ಇದ್ದಾರೆ. ಒಂಬತ್ತು ದಿನಗಳ ತರುವಾಯ ರೈಟ್ ಸಹೋದರರು ಕೇವಲ 12 ಅಶ್ವಶಕ್ತಿಯ ಎಂಜಿನಿನಿಂದ ಹಾರಿದರು. ಅವರು ಅದಕ್ಕೆ ಮುಂಚೆ ಮೂರು ವರ್ಷ ಎಂಜಿನಿಲ್ಲದ ಗ್ಲೈಡರುಗಳನ್ನೇ ಹಾರಿಸಿ, ಗಾಳಿಯಲ್ಲಿ ತೂಗಾಡುವ ಒಡಲನ್ನು ಹತೋಟಿಯಲ್ಲಿಡುವದನ್ನು ಕಲಿತಿದ್ದರು. ಅವರ ವಿಮಾನವೂ ತೂಕದ ದೃಷ್ಟಿಯಿಂದ ನಿರ್ದೋಷವಾಗಿರಲಿಲ್ಲವೆಂಬದನ್ನು ಹೇಳದಿದ್ದರೆ ಇತಿಹಾಸಕ್ಕೆ ಅನ್ಯಾಯವಾದೀತು; ಅದರ ಗುರುತ್ವಕೇಂದ್ರವು ಹಿಂದಾಗಿದ್ದರಿಂದ ಅದು ಏರುತ್ತ ಇಳಿಯುತ್ತ ಸಾಗಿತು. ಆದರೆ ಅದನ್ನು ತಡೆಹಿಡಿಯಬಲ್ಲ ಕೈಗಳು ಅಲ್ಲಿ ಇದ್ದವು.

ಇನ್ನು ನಮ್ಮ ನಾಡಿನ ಮಾತು. ವಿಮಾನವೆಂದೊಡನೆ ನಮ್ಮಲ್ಲಿ ಕೆಲವರು ಪುರಾತನ ವಿಮಾನಶಾಸ್ತ್ರವನ್ನು ಎತ್ತುತ್ತಾರೆ. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಇಪ್ಪತ್ತನೆಯ ಶತಕದ ಮೊದಲ ದಶಕಗಳಲ್ಲಿ ಹೇಳಿ ಬರೆಯಿಸಿದ ವೈಮಾನಿಕ ಶಾಸ್ತ್ರವೇ ಅದಕ್ಕೆ ಆಧಾರ; ಅದರ ಚಿತ್ರಗಳನ್ನು ಬರೆದವರು ಎಲ್ಲಪ್ಪ ಎಂಬ ನಕ್ಷೆಗಾರರು. ಈ ಗ್ರಂಥವನ್ನು ನಿಂದಿಸುವದು ಸುಲಭ, ಪೂಜಿಸುವದು ಇನ್ನೂ ಸುಲಭ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್. ಎಸ್. ಮುಕುಂದ ಮೊದಲಾದ ಐವರು ವಿದ್ವಾಂಸರು ಇವೆರಡನ್ನೂ ಬಿಟ್ಟು ಮೂರನೆಯ ಕೆಲಸವನ್ನು ಮಾಡಿದರು. 1974ರಲ್ಲಿ ಅದರೊಳಗಿನ ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ವಿಮಾನಗಳನ್ನು ತೂಕ, ಆಕಾರ, ಬಲಗಳ ಲೆಕ್ಕದಲ್ಲಿಟ್ಟು ನೋಡಿದರು. ಯಾವದೂ ಹಾರಲಾರದೆಂದೂ, ಅವುಗಳ ಚಾಲನಕ್ರಮವು ಹಾರಾಟಕ್ಕೆ ನೆರವಾಗುವದಕ್ಕಿಂತ ಅಡ್ಡಿಯನ್ನೇ ಮಾಡುವದೆಂದೂ, ಗ್ರಂಥವು 1904ಕ್ಕಿಂತ ಹಿಂದಿನದಾಗಲಾರದೆಂದೂ ಅವರ ತೀರ್ಮಾನ. ಹಳೆಯದೆಂಬ ಮಾತ್ರಕ್ಕೆ ವಸ್ತುವನ್ನು ತಕ್ಕಡಿಯಿಂದ ದೂರವಿಡಬಾರದೆಂಬ ನಿರ್ಭಯ ವಿವೇಕವು ನಮ್ಮ ಕನ್ನಡ ನಾಡಿನ ಸಂಸ್ಥೆಯಿಂದಲೇ ಬಂದದ್ದು ನಮಗೆ ಅಭಿಮಾನದ ಸಂಗತಿ.

ನಿಜವಾದ ಅಭಿಮಾನಕ್ಕೆ ನಮ್ಮ ಸೀಮೆಯ ಮಗ್ಗುಲಲ್ಲಿಯೇ ಬೇರೊಂದು ಆಧಾರವುಂಟು. ಚಿಕ್ಕೋಡಿ, ನಿಪ್ಪಾಣಿಗಳ ಆಚೆಗೆ ಗಡಹಿಂಗ್ಲಜ ತಾಲೂಕಿನಲ್ಲಿ ಹಸೂರ ಚಂಪೂ ಎಂಬ ಸಣ್ಣ ಹಳ್ಳಿಯಿದೆ. 1908ನೆಯ ಅಕ್ಟೋಬರ 24ರಂದು ಅಲ್ಲಿ ಹುಟ್ಟಿದ ವಿಷ್ಣು ಮಾಧವ ಘಾಟಗೆಯವರು ಜರ್ಮನಿಯ ಗಟ್ಟಿಂಗನ್ನಿಗೆ ಹೋಗಿ, ವಾಯುಚಲನಶಾಸ್ತ್ರದ ಆಚಾರ್ಯರಾದ ಲುಡ್ವಿಗ್ ಪ್ರಾಂಟ್ಲರ ಕೈಕೆಳಗೆ ಅಭ್ಯಾಸ ಮಾಡಿ 1936ರಲ್ಲಿ ಡಾಕ್ಟರೇಟು ಪಡೆದು ಬಂದರು. ವಾಲಚಂದ ಹೀರಾಚಂದರು ಮೈಸೂರು ಸರಕಾರದ ನೆರವಿನಿಂದ 1940ರ ಡಿಸೆಂಬರದಲ್ಲಿ ಬೆಂಗಳೂರಿನಲ್ಲಿ ಹಿಂದುಸ್ಥಾನ ವಿಮಾನ ಕಾರಖಾನೆಯನ್ನು ಸ್ಥಾಪಿಸಿದ ಮೇಲೆ ಘಾಟಗೆಯವರ ವಿದ್ಯೆಗೆ ತಕ್ಕ ನೆಲೆಯು ದೊರೆಯಿತು. ವಿಜ್ಞಾನ ಸಂಸ್ಥೆಯಲ್ಲಿ 1942ರಲ್ಲಿ ವಿಮಾನಶಾಸ್ತ್ರದ ವಿಭಾಗವು ಹುಟ್ಟಿದಾಗ ಅದರ ಮೊದಲ ಬೋಧಕರೂ ಅವರೇ. ಅವರು ಇತ್ತಕಡೆಯವರೋ ಅತ್ತಕಡೆಯವರೋ ಎಂಬ ಗಡಿಯ ಚರ್ಚೆಗೆ ನಾವು ಇಲ್ಲಿ ಇಳಿಯುವದಿಲ್ಲ. ಗಾಳಿಗೆ ಗಡಿಯಿಲ್ಲ, ಅವರ ಬಾಳಿನ ದೊಡ್ಡ ಕೆಲಸವೆಲ್ಲ ಬೆಂಗಳೂರಿನಲ್ಲಿ ನಡೆಯಿತೆಂಬದಷ್ಟು ನಮಗೆ ಸಾಕು.

ವಾಚಕರು ಗಮನಿಸತಕ್ಕ ಸಂಗತಿಯೆಂದರೆ, ಘಾಟಗೆಯವರು ಅಲ್ಲಿ ಮೊದಲು ರಚಿಸಿದ್ದು ಎಂಜಿನಿನ ವಿಮಾನವಲ್ಲ. ಮಹಾಯುದ್ಧದ ಕಾಲದಲ್ಲಿ ಹತ್ತು ಜನರು ಕೂಡಬಹುದಾದ ಒಂದು ಗ್ಲೈಡರು. ಗ್ಲೈಡರೆಂದರೆ ಬರಿಯ ತೂಕದ ವಿದ್ಯೆ. ತಪ್ಪನ್ನು ಮುಚ್ಚಲು ಅದರಲ್ಲಿ ಎಂಜಿನಿನ ಸೆಳೆತವಿರುವದಿಲ್ಲ. ಕೇಲಿಯಿಂದ ರೈಟ್ ಸಹೋದರರ ವರೆಗಿನ ಕ್ರಮವು ಬೆಂಗಳೂರಿನಲ್ಲಿ ಮತ್ತೊಮ್ಮೆ ನಡೆಯಿತೆನ್ನಬಹುದು. ತರುವಾಯ, ವಿಮಾನ ನಡೆಸುವದನ್ನು ಕಲಿಸುವ ಸಲುವಾಗಿ ಅವರ ಮುಂದಾಳುತನದಲ್ಲಿ ಎಚ್.ಟಿ.-2 ಎಂಬ ಲೋಹದ ವಿಮಾನವು ಸಿದ್ಧವಾಗಿ 1951ರ ಆಗಸ್ಟಿನಲ್ಲಿ ಮೊದಲು ಹಾರಿತು. ಮೊದಲ ವಿಮಾನಕ್ಕೆ ಡಿ ಹ್ಯಾವಿಲಂಡ್ ಕಂಪನಿಯ ಜಿಪ್ಸಿ ಮೇಜರ್ ಎಂಜಿನು. 1952ರಲ್ಲಿ ಹಾರಿದ ಎರಡನೆಯದಕ್ಕೆ 155 ಅಶ್ವಶಕ್ತಿಯ ಸಿರಸ್ ಮೇಜರ್ ಎಂಜಿನು. ಎಂಜಿನು ಬದಲಾದೊಡನೆ ಮೂತಿಯ ಭಾರವೂ, ಅದರೊಂದಿಗೆ ಇಡೀ ವಿಮಾನದ ತೂಕದ ಲೆಕ್ಕವೂ ಬದಲಾಗುವದು ಅನಿವಾರ್ಯ. ಹಳೆಯ ಕಿರುವಿಮಾನಕ್ಕೆ ಹೊಸ ಬಲವನ್ನು ಕೂಡಿಸಹೊರಟ ತರುಣನ ಎದುರಿಗಿರುವ ಪ್ರಶ್ನೆಯು ಜಾತಿಯಲ್ಲಿ ಇದೇ ಪ್ರಶ್ನೆ. ಘಾಟಗೆಯವರು ಮುಂದೆ ಪುಷ್ಪಕ, ಕೃಷಕ, ಕಿರಣ ವಿಮಾನಗಳ ರಚನೆಯನ್ನೂ ನಡೆಸಿ 1991ರಲ್ಲಿ ತೀರಿಕೊಂಡರು.

ಇಷ್ಟು ಹೊತ್ತು ತೂಕದ ಮಾತಾಯಿತು. ಕೆಳಗೆ ನಿಂತವನ ಆಜ್ಞೆಯು ಮೇಲಿರುವ ವಿಮಾನಕ್ಕೆ ಮುಟ್ಟುವ ಬಗೆಯನ್ನೂ ಸ್ವಲ್ಪದರಲ್ಲಿ ಹೇಳಬೇಕು. ನಿಸ್ತಂತು ಅಲೆಗಳಿಂದ ದೂರದ ಗಂಟೆಯನ್ನು ಬಾರಿಸಿ, ಮದ್ದನ್ನು ಹೊತ್ತಿಸಿ ಜಗದೀಶಚಂದ್ರ ಬೋಸರು ಕಲಕತ್ತೆಯಲ್ಲಿ 1895ರಲ್ಲಿ ತೋರಿಸಿದರು. 1898ರಲ್ಲಿ ಟೆಸ್ಲಾ ಅವರು ನ್ಯೂಯಾರ್ಕಿನಲ್ಲಿ ಒಂದು ಸಣ್ಣ ದೋಣಿಯನ್ನು ಹೀಗೆಯೇ ನಡೆಸಿದರು. 1935ರಲ್ಲಿ ಬ್ರಿಟಿಷರು ಫಿರಂಗಿಯ ಗುರಿಗಾಗಿ ಕ್ವೀನ್ ಬೀ ಎಂಬ ಪೈಲಟ್ಟಿಲ್ಲದ ವಿಮಾನವನ್ನು ಹಾರಿಸಿದರು. ಹವ್ಯಾಸಿಗಳಲ್ಲಿ ಅಮೇರಿಕೆಯ ಅವಳಿ ಸಹೋದರರಾದ ವಾಲ್ಟರ್ ಹಾಗೂ ವಿಲಿಯಂ ಗುಡ್ ಎಂಬವರ ಗಫ್ ಎಂಬ ವಿಮಾನವು 1937ರ ಸುಮಾರಿಗೆ ಹಾರಿತು. ಅದರ ರೆಕ್ಕೆಯು ಎಂಟು ಅಡಿ. ಅಷ್ಟು ದೊಡ್ಡದೇಕೆಂದರೆ ಅಂದಿನ ರೇಡಿಯೋದ ಕಾಜಿನ ಬಲ್ಬುಗಳೂ ಬ್ಯಾಟರಿಗಳೂ ಅಷ್ಟು ಭಾರ! ರೇಡಿಯೋ ಹೊರುವದಕ್ಕಾಗಿ ವಿಮಾನವಿತ್ತೇ ಹೊರತು ವಿಮಾನಕ್ಕಾಗಿ ರೇಡಿಯೋ ಇರಲಿಲ್ಲವೆಂದರೂ ನಡೆದೀತು. ಟ್ರಾನ್ಸಿಸ್ಟರು ಬಂದ ಮೇಲೆ ಭಾರವು ಇಳಿಯಿತು. 1957ರ ಜೂನ್ 30ರಂದು ಇಂಗ್ಲಂಡದಲ್ಲಿ ಕರ್ನಲ್ ಟ್ಯಾಪ್ಲಿನ್ ಎಂಬವರು ವಿದ್ಯುತ್ತಿನ ಮೋಟಾರಿನಿಂದ ರೇಡಿಯೋ ವಿಮಾನವನ್ನು ಹಾರಿಸಿದರೂ, ಹಗುರಾದ ಬ್ಯಾಟರಿಯು ಬರುವ ವರೆಗೆ ಆ ಮಾರ್ಗವು ಬೆಳೆಯಲಿಲ್ಲ. ಈ ವಿದ್ಯೆಯ ದೊಡ್ಡ ರೂಪವು ಬೆಂಗಳೂರಿನಲ್ಲಿಯೇ ಕಂಡಿತು: ರಕ್ಷಣಾ ಇಲಾಖೆಯ ಎ.ಡಿ.ಇ. ಸಂಸ್ಥೆಯು ರಚಿಸಿದ ಲಕ್ಷ್ಯ ಎಂಬ ಪೈಲಟ್ಟಿಲ್ಲದ ಗುರಿವಿಮಾನ, ಸುಮಾರು 6 ಮೀಟರು ಉದ್ದದ್ದು. ಬಾಣದಂತೆ ಚಿಮ್ಮಿ ಏರಿ, ಕೆಲಸ ತೀರಿದ ಮೇಲೆ ಕೊಡೆ ಬಿಚ್ಚಿ ಇಳಿಯುವಂಥದು.

ಈಗ ಅಟ್ಟದ ಮೇಲಿನ ವಿಮಾನಕ್ಕೆ ಬರೋಣ. ಮೊದಲು ಅದನ್ನು ಬೆಳಕಿಗೆ ಹಿಡಿದು ನೋಡಬೇಕು. ಹಳೆಯ ಗ್ಲೋ ಎಂಜಿನುಗಳು ಮೆಥನಾಲಿನಲ್ಲಿ ಔಡಲೆಣ್ಣೆಯನ್ನು ಬೆರೆಸಿದ ಇಂಧನವನ್ನು ಕುಡಿಯುತ್ತಿದ್ದವು. ಎಣ್ಣೆಯು ವರ್ಷಾನುಗಟ್ಟಲೆ ಮೂತಿಯ ಬಾಲ್ಸಾ ಕಟ್ಟಿಗೆಯಲ್ಲಿ ಇಳಿದು ಅಂಟನ್ನು ಸಡಿಲಿಸಿರುತ್ತದೆ. ಅಂಥ ಕಟ್ಟಿಗೆಗೆ ಹೊಸ ಮೋಟಾರನ್ನು ಬಿಗಿಯುವದೆಂದರೆ ಗೆದ್ದಲು ತಿಂದ ತೊಲೆಗೆ ತೊಟ್ಟಿಲು ಕಟ್ಟಿದಂತೆ. ಇನ್ನೊಂದು ಮಾತನ್ನು ಬಹಳ ಜನರು ಬಲ್ಲವರಲ್ಲ. ಹಳೆಯ ವಿಮಾನವು ಪ್ರತಿಸಲ ದುರಸ್ತಿಯಾದಾಗಲೂ ಬಣ್ಣ ಬಳಿದಾಗಲೂ ಬಾಲದಲ್ಲಿ ಭಾರವು ಸೇರುತ್ತ ಬಂದಿರುತ್ತದೆ. ಬಾಲವು ಮೂತಿಗಿಂತ ಮೂರುಪಟ್ಟು ದೂರವಿದ್ದಲ್ಲಿ, ಬಾಲಕ್ಕೆ ಹಚ್ಚಿದ ಒಂದು ಗ್ರಾಂ ಅಂಟನ್ನು ಸರಿದೂಗಿಸಲು ಮೂತಿಯಲ್ಲಿ ಮೂರು ಗ್ರಾಂ ಬೇಕಾಗುವದು. ಆದುದರಿಂದ ಮೂಲ ನಕ್ಷೆಯಲ್ಲಿ ಬರೆದ ತೂಕವನ್ನು ನಂಬದೆ, ಎಲ್ಲವನ್ನೂ ತಕ್ಕಡಿಯಲ್ಲಿಟ್ಟು ತೂಗಬೇಕು.

ಸಾಮಾನ್ಯ ಆಕಾರದ ವಿಮಾನದಲ್ಲಿ ಗುರುತ್ವಕೇಂದ್ರವು ರೆಕ್ಕೆಯ ಮುಂದಿನ ಅಂಚಿನಿಂದ ಅದರ ಅಗಲದ ಕಾಲುಭಾಗಕ್ಕೂ ಮೂರನೆಯ ಒಂದು ಭಾಗಕ್ಕೂ ನಡುವೆ ಇರಬೇಕು. ರೆಕ್ಕೆಯ ಅಗಲವು 25 ಸೆಂಟಿಮೀಟರಿದ್ದರೆ ಅಂಚಿನಿಂದ 7 ಸೆಂಟಿಮೀಟರಿನಷ್ಟು. ಅಲ್ಲಿ ಎರಡೂ ಕಡೆಗೆ ಬೆರಳುಗಳನ್ನಿಟ್ಟು ಎತ್ತಿದಾಗ ಮೂತಿಯು ತೀರ ಸ್ವಲ್ಪ ಬಾಗಿ ನಿಲ್ಲಬೇಕು. ಮುಂಭಾರದ ವಿಮಾನವು ಮೊಂಡಾಗಿ ಹಾರಿ ಬಿರುಸಾಗಿ ಇಳಿಯುವದು, ಆದರೂ ಹಾರುವದು. ಹಿಂಭಾರದ ವಿಮಾನವು ಕೈಬಿಟ್ಟೊಡನೆ ಮೂತಿಯೆತ್ತಿ, ನಿಂತು, ಬೀಳುವದು; ಅದನ್ನು ತಿದ್ದುವಷ್ಟರೊಳಗೆ ಅದು ನೆಲದಲ್ಲಿರುವದು.

ಲೆಕ್ಕವನ್ನು ಒಂದು ಉದಾಹರಣೆಯಿಂದ ತೋರಿಸುತ್ತೇವೆ. 2200 ಗ್ರಾಮಿನ ವಿಮಾನವೊಂದರಲ್ಲಿ ಗುರುತ್ವಕೇಂದ್ರದಿಂದ 24 ಸೆಂಟಿಮೀಟರು ಮುಂದೆ ಪಂಖಸಹಿತ 480 ಗ್ರಾಮಿನ ಎಂಜಿನು ಇತ್ತೆಂದು ಊಹಿಸೋಣ. ಅಲ್ಲಿ 280 ಗ್ರಾಮಿನ ಮೋಟಾರನ್ನಿಟ್ಟರೆ 200 ಗ್ರಾಂ ಕಡಿಮೆಯಾಯಿತು. ಅದನ್ನು 24ರಿಂದ ಗುಣಿಸಿದರೆ 4800. ಇಂಧನದ ಖಾಲಿ ಡಬ್ಬಿ 40 ಗ್ರಾಂ, 15 ಸೆಂಟಿಮೀಟರು ಮುಂದೆ ಇತ್ತು. ಅದನ್ನು ತೆಗೆದದ್ದರಿಂದ 600. ರೇಡಿಯೋದ ಹಳೆಯ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿ 100 ಗ್ರಾಂ, 6 ಸೆಂಟಿಮೀಟರು ಮುಂದೆ ಇತ್ತು. ಅದನ್ನೂ ತೆಗೆದರೆ ಮತ್ತೆ 600. ಒಟ್ಟು ಕೊರತೆ 6000. ಇದನ್ನು ತುಂಬಲು ಮೂತಿಗೆ ಸೀಸವನ್ನು ಹಾಕಹೋದರೆ 250 ಗ್ರಾಂ ಸತ್ತ ಭಾರವನ್ನು ಹೊರಿಸಿದಂತಾಗುವದು. ಅದರ ಬದಲು 375 ಗ್ರಾಮಿನ ಹೊಸ ಬ್ಯಾಟರಿಯನ್ನು 16 ಸೆಂಟಿಮೀಟರು ಮುಂದಿಟ್ಟರೆ ಅದೇ 6000 ಬರುವದು. ಅಂದರೆ ಇಂಧನದ ಡಬ್ಬಿಯಿದ್ದ ಕೋಣೆಯಲ್ಲಿಯೇ ಬ್ಯಾಟರಿಯು ಕೂಡುವದು. ವಿಮಾನದ ಒಟ್ಟು ತೂಕವೂ 35 ಗ್ರಾಂ ಮಾತ್ರ ಹೆಚ್ಚುವದು. ಹಳೆಯ ಕಾಲದಲ್ಲಿ ಡಬ್ಬಿಯು ಖಾಲಿಯಿರುವಾಗಲೇ ತೂಗಿ ನೋಡುತ್ತಿದ್ದರು. ಏಕೆಂದರೆ ತುಂಬಿದ ಡಬ್ಬಿಯಿಂದ ಹೊರಟ ವಿಮಾನವು ಮರಳುವಾಗ ಮೂತಿಯಲ್ಲಿ ಹಗುರಾಗಿರುತ್ತಿತ್ತು. ಬ್ಯಾಟರಿಯು ಬಲವನ್ನು ಕೊಟ್ಟರೂ ತೂಕವನ್ನು ಬಿಡುವದಿಲ್ಲ. ಇಷ್ಟರ ಮಟ್ಟಿಗೆ ಹೊಸದು ಹಳೆಯದಕ್ಕಿಂತ ಪ್ರಾಮಾಣಿಕವಾದದ್ದು.

ಬಲದ ಮಾತು ಇಷ್ಟೇ: ಸಾಧಾರಣ ಹಾರಾಟಕ್ಕೆ ಕಿಲೋಗ್ರಾಮಿಗೆ ಸುಮಾರು 220 ವ್ಯಾಟ್ ಸಾಕೆಂಬದು ಹವ್ಯಾಸಿಗಳ ರೂಢಿಯ ಲೆಕ್ಕ. ನಮ್ಮ ವಿಮಾನಕ್ಕೆ 480ರ ಸುಮಾರು. ನಾಲ್ಕು ಕೋಶಗಳ ಲಿಥಿಯಂ ಬ್ಯಾಟರಿಯಿಂದ 34 ಆಂಪಿಯರಿನಷ್ಟು ಪ್ರವಾಹ. ಇದಕ್ಕಿಂತ ದೊಡ್ಡ ಮೋಟಾರನ್ನು ಹಾಕುವ ಹಂಬಲವನ್ನು ತಡೆಯಬೇಕು. ಹಳೆಯ ರೆಕ್ಕೆಯು ಹಳೆಯ ವೇಗಕ್ಕಾಗಿ ಕಟ್ಟಲ್ಪಟ್ಟದ್ದು. ಲ್ಯಾಂಗ್ಲಿಯವರ 52 ಅಶ್ವಶಕ್ತಿಯನ್ನು ನೆನೆದುಕೊಂಡರೆ ಒಳಿತು. ಎಂಜಿನು ಸದ್ದಿನಿಂದ ಎಚ್ಚರಿಸುತ್ತಿತ್ತು; ಮೋಟಾರು ಮೌನದಿಂದಿದ್ದು ತಟ್ಟನೆ ತಿರುಗುವದರಿಂದ, ತೂಗಿ ನೋಡುವಾಗ ಪಂಖವನ್ನು ಬಿಚ್ಚಿಡತಕ್ಕದ್ದು. ಉಬ್ಬಿದ ಲಿಥಿಯಂ ಬ್ಯಾಟರಿಯನ್ನು ಮನೆಯೊಳಗೆ ಇಡಲೇಕೂಡದು, ಬೆಂಕಿಯ ಭಯವುಂಟು.

ಎಲ್ಲವೂ ಆದ ಮೇಲೆ ಕಬ್ಬು ಕಟಾವಾದ ಬಯಲಿನಲ್ಲಿ, ಗಾಳಿಯಿಲ್ಲದ ಮುಂಜಾವಿನಲ್ಲಿ, ಮೋಟಾರನ್ನು ನಿಲ್ಲಿಸಿಯೇ ಮೊದಲು ಕೈಯಿಂದ ತೇಲಿಬಿಡಬೇಕು. 1942ರಲ್ಲಿ ಯುದ್ಧಕ್ಕಾಗಿ ಕಟ್ಟಿದ ಬೆಳಗಾವಿಯ ಸಾಂಬ್ರಾ ನಿಲ್ದಾಣದಲ್ಲಿ ಇಂದು ಪ್ರಯಾಣಿಕರ ವಿಮಾನಗಳು ಇಳಿಯುತ್ತಿರುವದರಿಂದ ಅದರ ಆಸುಪಾಸಿನಲ್ಲಿ ಈ ವಿನೋದವು ಸಲ್ಲದು. ಮೂತಿಯು ಸಮವಾಗಿ ಇಳಿದು ವಿಮಾನವು ಹುಲ್ಲನ್ನು ಮುಟ್ಟಿತೆಂದರೆ ಬ್ಯಾಟರಿಯಿದ್ದ ಜಾಗದಲ್ಲಿ ಒಡಲಿನ ಒಳಗೆ ಶಾಯಿಯ ಗೆರೆಯೆಳೆದು, ಅದರ ಪಕ್ಕದಲ್ಲಿ ತೂಕವನ್ನೂ ದಿನಾಂಕವನ್ನೂ ಬರೆಯಬೇಕು. ಕಿತ್ತ ಎಂಜಿನನ್ನು ಗುಜರಿಗೆ ಹಾಕದೆ, ಎಣ್ಣೆ ಹಚ್ಚಿ, ಅದರ ತೂಕವನ್ನು ಬರೆದ ಚೀಟಿಯೊಂದಿಗೆ ಅದೇ ಪೆಟ್ಟಿಗೆಯಲ್ಲಿ ಇಡುವದು.